ಹೆಗ್ಗೋಡಿನ ಪುಸ್ತಕಗಳೂ ನಮ್ಮೂರ ನಾಟಕದ ಕೈಬರಹವೂ

ಕಳೆದ ಫಾಲ್ಗುಣದಲ್ಲಿ, ಅಡಿಕೆ ಸುಲಿತ ಮುಗಿದು ಕಾಫಿಯ ಲೆಕ್ಕವೂ ಒಂದು ಹಂತಕ್ಕೆ ಬಂದಮೇಲೆ, ಬೀಗರ ಮನೆಯ ಕಾರ್ಯವೊಂದಕ್ಕಾಗಿ ನಾವು ಕಲಬುರಗಿ ಜಿಲ್ಲೆಯ ಸೊನ್ನಕ್ಕೆ ಹೋಗಬೇಕಾಯಿತು. ತಮ್ಮನ ಮಗಳನ್ನು ಆ ಕಡೆಗೆ ಕೊಟ್ಟಿರುವುದು ಸದಸ್ಯರಲ್ಲಿ ಅನೇಕರಿಗೆ ತಿಳಿದೇ ಇದೆ. ಭೀಮಾ ನದಿಗೆ ಬ್ಯಾರೇಜು ಕಟ್ಟಿರುವ ಸೀಮೆ ಅದು. ತೊಗರಿ, ಜೋಳ, ನೀರು ಸಿಕ್ಕಲ್ಲಿ ಕಬ್ಬು. ಅಡಿಕೆಯ ಮರ ನಮ್ಮ ಕಣ್ಣಿಗೆ ಒಂದೂ ಬೀಳಲಿಲ್ಲ. ಅಡಿಕೆ ಮಾತ್ರ ಪ್ರತಿಯೊಂದು ಪಾನ್ ಅಂಗಡಿಯಲ್ಲೂ ಇತ್ತು. ಅದು ಯಾವ ಮಂಡಿಯಿಂದ ಬಂತೆಂದು ವಿಚಾರಿಸಿಕೊಂಡು ನಿಂತ ನಮ್ಮನ್ನು ಕಂಡು ಮನೆಯವರು, 'ಇಲ್ಲಿಗೆ ಬಂದರೂ ನಿಮ್ಮ ಸಂಘದ ಕೆಲಸವೇ?' ಎಂದು ಗದರಿದ್ದೂ ಆಯಿತು.

ಸಂಜೆ ಕಟ್ಟೆಯ ಮೇಲೆ ಕುಳಿತಾಗ ಮಾತು ನಾಟಕದ ಕಡೆಗೆ ಹೊರಳಿತು. ಬೀಗರೇ ಆರಂಭಿಸಿದರು: 'ಬೀಗರ, ನೀವೂ ಸಣ್ಣವರಿದ್ದಾಗ ನಾಟಕ ಮಾಡಿದವರಂತ, ಖರೇ ಏನ್ರಿ? ನಮ್ಮ ಅಣ್ಣಾರು ಹೆಣ್ಣ ಪಾತ್ರ ಹಾಕ್ತಿದ್ರು ನೋಡ್ರಿ.' ಎಪ್ಪತ್ತು ದಾಟಿದ ಆ ಅಣ್ಣನವರು ನಾಚಿಕೊಂಡು ಮೀಸೆ ತಿರುವಿದರು. ಆ ಕಡೆ ಜಾತ್ರೆಗೊಂದು ನಾಟಕ ಇಲ್ಲದಿದ್ದರೆ ಜಾತ್ರೆಯೇ ಅಲ್ಲ. ಊರ ಹುಡುಗರು ಕೂಡಿ, ಪೇಟಿ ಮಾಸ್ತರರೊಬ್ಬರನ್ನು ಗೊತ್ತುಮಾಡಿ, ತಿಂಗಳುಗಟ್ಟಲೆ ತಾಲೀಮು ನಡೆಸುತ್ತಾರೆ. ಸ್ತ್ರೀಪಾತ್ರಕ್ಕೆ ಈಗ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದುಂಟು. ನಾಟಕದ ಪುಸ್ತಕಗಳೋ, ಗದಗಿನಂಥ ಊರುಗಳಲ್ಲಿ ಅಚ್ಚಾಗಿ ಜಾತ್ರೆಯ ಅಂಗಡಿಗಳಲ್ಲಿ ಸಿಕ್ಕುವಂಥವು: ತೆಳುವಾದ ಕಾಗದ, ಬಣ್ಣದ ರಕ್ಷಾಪುಟ, ಕೊನೆಯಲ್ಲಿ ಹಾಡುಗಳ ಪಟ್ಟಿ.

ಅಣ್ಣನವರು ಒಳಗಿನಿಂದ ಒಂದು ಗಂಟು ತಂದು ಬಿಚ್ಚಿದರು. ಹಳೆಯ ಕರಪತ್ರಗಳು ನಾಲ್ಕಾರು, ಹೊಲಿಗೆ ಬಿಟ್ಟ ನಾಟಕದ ಪುಸ್ತಕ ಒಂದು. 'ಇದು ನಂದಲ್ರಿ. ನಂದು ಹೊಲದ ಮನ್ಯಾಗ ಪೆಟ್ಟಿಗ್ಯಾಗ ಇತ್ತು. ೨೦೨೦ರಾಗ ಹೊಳಿ ಬಂತಲ್ಲ, ಪೆಟ್ಟಗಿ ಪೂರಾ ನೀರಾಗ ಮುಳಗಿತು. ಅಚ್ಚಾದದ್ದು ಹೋದ್ರೂ ಚಿಂತಿಲ್ರಿ, ಮಗ್ಗಲ ಊರಾಗ ಒಬ್ಬರ ಮನ್ಯಾಗ ಇನ್ನೊಂದು ಸಿಕ್ತು. ನಮ್ಮ ಮಾಸ್ತರು ಕೈಲೆ ಬರದ ನಾಟಕ ಒಂದಿತ್ತು. ಅದನ್ನ ಎಲ್ಲಿ ಹುಡುಕಲಿ?' ಎಂದರು. ಆ ವರ್ಷದ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೆವು. ಅದರಲ್ಲಿ ಒಂದು ನಾಟಕವೂ ಕೊಚ್ಚಿಹೋಗಿತ್ತೆಂಬುದು ಆ ಸಂಜೆ ತಿಳಿಯಿತು. ಅದರ ನಾಲ್ಕು ಹಾಡುಗಳು ಅಣ್ಣನವರಿಗೆ ಬಾಯಿಪಾಠ ಇವೆ. ಮಾತುಗಳು ಇಲ್ಲ.

ಅದೇ ಮನೆಯ ಗೂಡಿನಲ್ಲಿ, ಶಾಲೆಯಲ್ಲಿ ಕಲಿಸುವ ಅವರ ಸೊಸೆಯ ಪುಸ್ತಕಗಳ ನಡುವೆ, ಇನ್ನೊಂದು ನಾಟಕದ ಪುಸ್ತಕ ಕಂಡಿತು. ಕಲಬುರಗಿಯಲ್ಲಿ ನಾಟಕ ನೋಡಲು ಹೋದಾಗ ರಂಗಮಂದಿರದ ಬಾಗಿಲಲ್ಲಿ ಕೊಂಡದ್ದಂತೆ. ತೆರೆದು ನೋಡಿದರೆ ಪ್ರಕಾಶಕರ ವಿಳಾಸ: ಅಕ್ಷರ ಪ್ರಕಾಶನ, ಹೆಗ್ಗೋಡು, ಸಾಗರ. ನಮ್ಮ ತೋಟಗಳಿಂದ ಅರ್ಧ ದಿನದ ದಾರಿಯೂ ಅಲ್ಲದ, ನಮ್ಮಂತೆಯೇ ಕೊಳೆರೋಗಕ್ಕೆ ಹೆದರುವ ಅಡಿಕೆಯ ಹಳ್ಳಿಯಿಂದ ಹೊರಟ ಪುಸ್ತಕ ಭೀಮೆಯ ದಂಡೆಯ ಮನೆಯೊಂದರಲ್ಲಿ ಕುಳಿತಿತ್ತು. ಹೆಗ್ಗೋಡಿಗೆ ನಾವು ಹಲವು ಸಲ ಹೋಗಿದ್ದೇವೆ, ನಾಟಕ ನೋಡಿದ್ದೇವೆ. ಅಲ್ಲಿಯ ಪುಸ್ತಕಗಳ ವಿಷಯವನ್ನು ಇಷ್ಟು ಮನಸ್ಸಿಟ್ಟು ಯೋಚಿಸಿದ್ದು ಮಾತ್ರ ಸೊನ್ನದ ಆ ಕಟ್ಟೆಯ ಮೇಲೆಯೇ.

ಸದಸ್ಯರಲ್ಲಿ ಕಿರಿಯರಿಗಾಗಿ ಕೆಲವು ಸಂಗತಿಗಳನ್ನು ಹೇಳಬೇಕು. ಹೆಗ್ಗೋಡಿನ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ಎಲ್ಲರ ಬಾಯಲ್ಲಿ ನೀನಾಸಂ, ಹುಟ್ಟಿದ್ದು ೧೯೪೯ರಲ್ಲಿ. ಮಲೆನಾಡಿನ ಬೆಳೆಗಾರರು ಕೂಡಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಕಟ್ಟಿದ್ದು ೧೯೩೯ರಲ್ಲಿ. ನಡುವೆ ಹತ್ತೇ ವರ್ಷ. ಅಡಿಕೆ ಮಾರಲು ಸಂಘ ಕಟ್ಟಿದ ಜನವೇ ನಾಟಕವಾಡಲೂ ಸಂಘ ಕಟ್ಟಿತು ಎಂದರೆ ತಪ್ಪಾಗಲಾರದು. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರು (೧೯೩೨–೨೦೦೫) ಅಲ್ಲಿಗೆ ಸಮೀಪದ ಮುಂಡಿಗೇಸರದವರು. ಮೈಸೂರಿನಲ್ಲಿ ಕಲಿತು ಪದವಿ ಪಡೆದು, ಪೇಟೆಯ ನೌಕರಿ ಹಿಡಿಯದೆ ತೋಟಕ್ಕೆ ಮರಳಿದವರು. ಓದಿದ ಹುಡುಗ ತೋಟಕ್ಕೆ ಬಂದರೆ ಈಗಲೂ ನಮ್ಮಲ್ಲಿ, 'ಅಲ್ಲಿ ಏನೂ ಆಗಲಿಲ್ಲವೇ?' ಎಂದು ಕೇಳುವವರಿದ್ದಾರೆ. ಆಗ ಎಷ್ಟು ಜನ ಕೇಳಿದರೋ!

ಸುಬ್ಬಣ್ಣನವರು ನಾಟಕದ ಜೊತೆಗೆ ಅಚ್ಚಿನ ಕೆಲಸಕ್ಕೂ ಬೇಗನೆ ಕೈಹಾಕಿದರು. ೧೯೫೦ರ ದಶಕದ ಕೊನೆಯ ಭಾಗದಲ್ಲೇ ಅಕ್ಷರ ಪ್ರಕಾಶನ ಆರಂಭವಾಗಿತ್ತು. ಈಗ ಹೆಸರಾಗಿರುವ ರಂಗಮಂದಿರ, ಶಿವರಾಮ ಕಾರಂತರ ಹೆಸರಿನದು, ಎದ್ದದ್ದು ೧೯೭೨ರಲ್ಲಿ. ಚಿತ್ರಸಮಾಜ ೧೯೭೩ರಲ್ಲಿ, ನಾಟಕ ಕಲಿಸುವ ಶಾಲೆ ೧೯೮೦ರಲ್ಲಿ, ಊರೂರು ಸುತ್ತುವ 'ತಿರುಗಾಟ' ೧೯೮೫ರಲ್ಲಿ. ಅಂದರೆ ಕಟ್ಟಡಕ್ಕಿಂತ ಮೊದಲು ಪುಸ್ತಕ. ಈ ಕ್ರಮವನ್ನು ನಮ್ಮ ಸದಸ್ಯರು ಸ್ವಲ್ಪ ಗಮನಿಸಬೇಕು. ನಾವಾದರೆ ಮೊದಲು ಸಭಾಭವನ ಕಟ್ಟಿ, ಅದಕ್ಕೆ ಗ್ರಾನೈಟು ಹಾಸಿ, ಆಮೇಲೆ ಅದರಲ್ಲಿ ಏನು ಮಾಡುವುದೆಂದು ಸಮಿತಿ ರಚಿಸುತ್ತೇವೆ.

ಅಡಿಗರ 'ಸಾಕ್ಷಿ' ಪತ್ರಿಕೆಯನ್ನು ಹೊರತಂದದ್ದೂ ಅಕ್ಷರ ಪ್ರಕಾಶನವೇ. ಗೋಪಾಲಕೃಷ್ಣ ಅಡಿಗರು ೧೯೬೦ರ ದಶಕದಲ್ಲಿ ಸಾಗರದ ಲಾಲ್ ಬಹಾದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಕಾಲೇಜಿನ ಗುರುಗಳು, ತೋಟದ ಯಜಮಾನರು, ಪೇಟೆಯ ಮುದ್ರಕರು ಹೀಗೆ ಒಂದೆಡೆ ಕೂಡಿದ್ದರಿಂದ, ಕನ್ನಡದ ಹೊಸ ಸಾಹಿತ್ಯದ ಮಾತುಕತೆಯ ಒಂದು ದೊಡ್ಡ ಭಾಗ ಅಡಿಕೆ ಮಂಡಿಯ ಊರಿನಿಂದ ಅಂಚೆಗೆ ಬೀಳುತ್ತಿತ್ತು. ನಮ್ಮ ತಂದೆಯವರ ಕಾಲದವರು ಆ ಸಂಚಿಕೆಗಳನ್ನು ಕೈಯಿಂದ ಕೈಗೆ ದಾಟಿಸಿ ಓದುತ್ತಿದ್ದರು.

ಅಲ್ಲಿಯ ನಾಟಕದ ಪುಸ್ತಕ ಹುಟ್ಟುವ ರೀತಿಯೇ ಬೇರೆ. ಬರೆಯುವವರು ಅಥವಾ ಅನುವಾದಿಸುವವರು ಒಬ್ಬರಿರಬಹುದು. ಆದರೆ ಆ ಮಾತು ತಾಲೀಮಿನಲ್ಲಿ ನಟರ ಬಾಯಿಗೆ ಬರಬೇಕು. ನಾಲಗೆ ತೊಡರುವಲ್ಲಿ ವಾಕ್ಯ ಮುರಿಯಬೇಕು. ನಿರ್ದೇಶಕರು ಒಂದು ದೃಶ್ಯವನ್ನು ಹಿಂದೆ ತರುತ್ತಾರೆ, ಹಾಡಿನವರು ಒಂದು ಸಾಲು ಬಿಡುತ್ತಾರೆ. ಹೀಗೆ ಹತ್ತು ಜನರ ಬಾಯಲ್ಲಿ ಪಳಗಿದ ಮಾತು ಅಚ್ಚಿಗೆ ಹೋದಾಗ, ಮೇಲೆ ಒಬ್ಬರ ಹೆಸರಿದ್ದರೂ ಒಳಗೆ ತಂಡದ ಕೆಲಸವಿರುತ್ತದೆ. ತಿರುಗಾಟದ ತಂಡ ಪ್ರತಿ ವರ್ಷ ಎರಡು ಮೂರು ನಾಟಕಗಳನ್ನು ಹೊತ್ತು ನಾಡೆಲ್ಲ ಸುತ್ತುತ್ತದೆ. ನಮ್ಮ ತಾಲ್ಲೂಕು ಕೇಂದ್ರದಲ್ಲಿ ಪ್ರದರ್ಶನವಾದ ದಿನ ಹೊರಗಡೆ ಮೇಜು ಹಾಕಿ ಪುಸ್ತಕ ಮಾರುತ್ತಿದ್ದುದನ್ನು ನಾವೇ ನೋಡಿದ್ದೇವೆ. ನಾಟಕ ನೋಡಿದವನು ಅದರ ಕಾವು ಆರುವ ಮೊದಲೇ ಪುಸ್ತಕ ಹಿಡಿದು ಮನೆಗೆ ಹೋಗುತ್ತಾನೆ. ಅಂಗಡಿಯವನ ಕಮಿಷನ್ನಿಗೂ ಕಾಯಬೇಕಾಗಿಲ್ಲ. ಇದನ್ನು ನೇರ ಮಾರಾಟ ಎಂದು ನಾವು ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಭಾಷಣ ಮಾಡಿದ್ದೇವೆ.

ಬರಬರುತ್ತ ಪ್ರಕಾಶನವು ನಾಟಕವನ್ನು ದಾಟಿ ಬೆಳೆಯಿತು. ಡಿ. ಆರ್. ನಾಗರಾಜರ ಸಂಪಾದಕತ್ವದಲ್ಲಿ 'ಅಕ್ಷರ ಚಿಂತನ' ಮಾಲೆ ಬಂತು. ವೈದೇಹಿಯವರ 'ಕ್ರೌಂಚ ಪಕ್ಷಿಗಳು' ಕಥಾಸಂಕಲನ ಅಲ್ಲಿಂದಲೇ ಹೊರಟದ್ದು, ಅದಕ್ಕೆ ೨೦೦೯ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿವೇಕ ಶಾನಭಾಗರ 'ಘಾಚರ್ ಘೋಚರ್' ೨೦೧೩ರಲ್ಲಿ ಬಂದು, ಇಂಗ್ಲಿಷಿಗೆ ಹೋಗಿ, ಹೊರದೇಶಗಳ ಓದುಗರನ್ನು ತಲುಪಿತು. ಸುಬ್ಬಣ್ಣನವರಿಗೆ ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಸುದ್ದಿ ನಮಗೆ ಇನ್ನೂ ನೆನಪಿದೆ. ಕಾಲೇಜು ಮುಗಿಸಿ ಊರಿಗೆ ಬರುವುದೋ ಬೇಡವೋ ಎಂದು ತೂಗುತ್ತಿದ್ದ ವಯಸ್ಸು ಅದು.

ಎಲ್ಲ ಪುಸ್ತಕಗಳೂ ನಮಗೆ ದಕ್ಕಿವೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಚಿಂತನದ ಕೆಲವನ್ನು ಎರಡು ಸಲ ಹಿಡಿದು ಎರಡು ಸಲವೂ ಕೆಳಗಿಟ್ಟಿದ್ದೇವೆ. ಸದಸ್ಯರೊಬ್ಬರು, 'ಅವರಿಗೇನು, ಫೋರ್ಡ್ ಫೌಂಡೇಶನ್ನಿನ ದುಡ್ಡು ಬಂತು, ಮಾಡಿದರು' ಎಂದರು. ೧೯೮೦ರ ದಶಕದಲ್ಲಿ ಆ ನೆರವು ಬಂದದ್ದು ನಿಜ. ಆದರೆ ಪುಸ್ತಕ ತರಲು ಆರಂಭಿಸಿ ಅಷ್ಟರಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿತ್ತು. ಬೇರು ಬಿಟ್ಟ ಗಿಡಕ್ಕೆ ಬಿದ್ದ ಗೊಬ್ಬರ ಅದು.

ಇದನ್ನೆಲ್ಲ ಈಗ ಬರೆಯುವುದಕ್ಕೆ ಕಾರಣ ನಮ್ಮೂರ ನಾಟಕ.

ಹಿರಿಯ ಸದಸ್ಯರು ಮರೆತಿರಲಾರರು. ೧೯೮೪ರಲ್ಲಿ, ನಾವಿನ್ನೂ ಹೈಸ್ಕೂಲಿನಲ್ಲಿದ್ದಾಗ, ನಮ್ಮೂರ ಶಾಲೆಯ ಮೇಷ್ಟ್ರು ಬರೆದ ಮೂರು ಅಂಕದ ಸಾಮಾಜಿಕ ನಾಟಕವನ್ನು ಊರವರೇ ಆಡಿದರು. ವಸ್ತು ಪುರಾಣದ್ದಲ್ಲ, ರಾಜರದ್ದಲ್ಲ, ಚೇಣಿಯದ್ದು. ಗಂಡ ಸತ್ತ ಹೆಂಗಸೊಬ್ಬಳು ತೋಟವನ್ನು ಚೇಣಿಗೆ ಕೊಡುತ್ತಾಳೆ. ಚೇಣಿದಾರ ಮತ್ತು ದಲ್ಲಾಳಿ ಕೂಡಿ ಬೆಲೆ ಇಳಿಸುತ್ತಾರೆ. ಮರ ಹತ್ತುವ ಕೊನೆಗಾರನೊಬ್ಬನಿಗೆ ಮಾತ್ರ ಗೊನೆಯ ಲೆಕ್ಕ ಗೊತ್ತಿರುತ್ತದೆ. ಗೋಣಿತಾಟಿನ ಪರದೆ, ಗ್ಯಾಸ್‌ಲೈಟು, ಮುಂದೆ ಅಡಿಕೆ ಒಣಹಾಕುವ ಅಂಗಳದಲ್ಲಿ ಚಾಪೆ. ದಲ್ಲಾಳಿ ತಕ್ಕಡಿಗೆ ಬೆರಳು ತಾಗಿಸಿದಾಗ ಹಿಂದಿನ ಸಾಲಿನಿಂದ ಯಾರೋ, 'ಬೆರಳು ತೆಗೆಯೋ!' ಎಂದು ಕೂಗಿದ್ದು ನಮ್ಮ ಕಿವಿಯಲ್ಲಿ ಇನ್ನೂ ಇದೆ. ಐದು ಪ್ರದರ್ಶನಗಳಾದವು. ಗ್ಯಾಸ್‌ಲೈಟಿಗೆ ಗಾಳಿ ಹಾಕುವ ಕೆಲಸ ನಮ್ಮದಾಗಿದ್ದರಿಂದ ಐದನ್ನೂ ನೋಡಿದ್ದೇವೆ.

ಆ ನಾಟಕದ ಪೂರ್ತಿ ಪ್ರತಿ ಇದ್ದದ್ದು ಒಂದೇ. ಅದು ಪ್ರಾಂಪ್ಟರ್ ಕೈಯಲ್ಲಿರುತ್ತಿದ್ದ, ಮೇಷ್ಟ್ರು ಸ್ವತಃ ಬರೆದ ಉದ್ದ ಪುಸ್ತಕ. ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮನೆಯವರು ಪೇಟೆಗೆ ಹೋದರು. ಬಾಡಿಗೆಗೆ ಬಂದವರು ಅಟ್ಟ ಚೊಕ್ಕ ಮಾಡಿ, ಹಳೆಯ ಕಾಗದವನ್ನೆಲ್ಲ ಒಂದು ಮಳೆಗಾಲ ಪೂರ್ತಿ ಬಚ್ಚಲ ಒಲೆಗೆ ಹಾಕಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಮಲೆನಾಡಿನ ಮಳೆಯಲ್ಲಿ ಒಣ ಕಾಗದ ಸಿಕ್ಕಿದರೆ ಯಾರು ಓದಿ ನೋಡುತ್ತಾರೆ? ಅಂದು ನೂರು ಪ್ರತಿ ಅಚ್ಚು ಹಾಕಿಸಿದ್ದರೆ ಒಲೆಗೆ ಹೋಗುತ್ತಿದ್ದದ್ದು ನೂರರಲ್ಲಿ ಒಂದು.

ಹಾಕಿಸಲಿಲ್ಲ ಏಕೆಂದರೆ ಖರ್ಚು. ಆಗ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸಬೇಕಿತ್ತು. ಪ್ರೂಫ್ ತಿದ್ದಬೇಕು, ಆಮೇಲೆ ಫಾರಂ ಕಟ್ಟಿ ಟ್ರೆಡಲ್ ಯಂತ್ರದಲ್ಲಿ ಒತ್ತಬೇಕು. ಹತ್ತು ಪ್ರತಿಯಾದರೂ ಸಾವಿರ ಪ್ರತಿಯಾದರೂ ಜೋಡಿಸುವ ಕೂಲಿ ಒಂದೇ. ಸುಲಿಯುವ ಯಂತ್ರವನ್ನು ಒಂದು ಮೂಟೆಗಾಗಿ ಬಾಡಿಗೆಗೆ ತರಿಸಿದಂತೆ. ಈಗ ಹಾಗಲ್ಲ. ಗಣಕದಲ್ಲಿ ಜೋಡಿಸಿಟ್ಟುಕೊಂಡು ಐವತ್ತು ಬೇಕಾದರೆ ಐವತ್ತು, ಮತ್ತೆ ಬೇಕಾದಾಗ ಮತ್ತೈವತ್ತು ತೆಗೆಸಬಹುದು. ಮುದ್ರಣ ಸುಲಭವಾದ ಕಾಲಕ್ಕೆ ನಮ್ಮಲ್ಲಿ ಮುದ್ರಿಸಲು ನಾಟಕವಿಲ್ಲ.

ಪೂರ್ತಿ ಇಲ್ಲ ಎನ್ನುವಂತಿಲ್ಲ. ಸೊನ್ನದಿಂದ ಬಂದ ಮೇಲೆ ಹುಡುಕಲು ಕುಳಿತೆವು. ಆ ಕಾಲದಲ್ಲಿ ಪ್ರತಿಯೊಬ್ಬ ನಟನಿಗೂ ಅವನ 'ಪಾರ್ಟ'ನ್ನು ಮಾತ್ರ ಬರೆದು ಕೊಡುತ್ತಿದ್ದರು: ಅವನ ಮಾತು, ಅದಕ್ಕೆ ಮೊದಲು ಇನ್ನೊಬ್ಬನು ಆಡುವ ಮಾತಿನ ಕೊನೆಯ ಎರಡು ಮೂರು ಪದ. ಕಾಗದ ಉಳಿಸಲು ಮಾಡಿದ ಈ ಉಪಾಯ ಈಗ ನಮ್ಮ ಕೆಲಸಕ್ಕೆ ಬರುತ್ತಿದೆ. ಆ ಎರಡು ಮೂರು ಪದಗಳೇ ಒಂದು ಪಾರ್ಟನ್ನು ಇನ್ನೊಂದಕ್ಕೆ ಹೊಂದಿಸುವ ಬೆಸುಗೆ. ಒಟ್ಟು ಪಾತ್ರಗಳು ಹದಿನಾಲ್ಕು. ಇಲ್ಲಿಯವರೆಗೆ ಸಿಕ್ಕಿರುವುದು ಮೂರು: ತೋಟದ ಯಜಮಾನಿಯದು, ಕೊನೆಗಾರನದು, ದಲ್ಲಾಳಿಯದು. ಮೂರನ್ನು ಪಕ್ಕದಲ್ಲಿಟ್ಟು ನೋಡಿದಾಗ ಎರಡನೆಯ ಅಂಕದ ಜಗಳ ಹೆಚ್ಚುಕಡಿಮೆ ಪೂರ್ತಿ ಎದ್ದು ನಿಂತಿತು. ಮೊದಲ ಅಂಕದಲ್ಲಿ ತೂತುಗಳಿವೆ. ಮೂರನೆಯದರಲ್ಲಿ ಚೇಣಿದಾರ ಇಲ್ಲದೆ ಏನೂ ತಿಳಿಯುವುದಿಲ್ಲ.

ವಿಷಯವನ್ನು ಆಡಳಿತ ಮಂಡಳಿಯ ಮುಂದೆ ಇಟ್ಟೆವು. ಹಿರಿಯ ನಿರ್ದೇಶಕರೊಬ್ಬರು, 'ಕಾರ್ಯದರ್ಶಿಗಳೇ, ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಜನ ಕಂಗಾಲಾಗಿರುವಾಗ ನಾಟಕದ ಪುಸ್ತಕವೇ?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಸಂಘದ ಹಣ ಸದಸ್ಯರ ಬೆಳೆಯ ಹಣ, ಅದನ್ನು ಇದಕ್ಕೆ ಮುಟ್ಟುವುದು ನಮಗೂ ಸರಿಕಾಣದು. ಆದ್ದರಿಂದ ನಾವು ಧಾರವಾಡದ ದಾರಿಯನ್ನು ಸೂಚಿಸಿದೆವು.

ಧಾರವಾಡದ ಮನೋಹರ ಗ್ರಂಥಮಾಲೆಯನ್ನು ಜಿ. ಬಿ. ಜೋಶಿಯವರು, 'ಜಡಭರತ' ಎಂಬ ಹೆಸರಿನಲ್ಲಿ ನಾಟಕಗಳನ್ನು ಬರೆದವರು, ೧೯೩೩ರಲ್ಲಿ ಆರಂಭಿಸಿದರು. ಕೈಯಲ್ಲಿ ಬಂಡವಾಳವಿರಲಿಲ್ಲ. ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು, ವರ್ಷದ ಹಣ ಮುಂಗಡ ಪಡೆದು, ಅದಕ್ಕೆ ತಕ್ಕ ಪುಸ್ತಕಗಳನ್ನು ಮನೆಗೆ ಕಳಿಸುವ ಪದ್ಧತಿ ಹಾಕಿದರು. ಕೀರ್ತಿನಾಥ ಕುರ್ತಕೋಟಿಯವರು ಜೊತೆಗಿದ್ದು ಹಸ್ತಪ್ರತಿಗಳನ್ನು ಓದಿ ಸಲಹೆ ಕೊಡುತ್ತಿದ್ದರು. ಗಿರೀಶ ಕಾರ್ನಾಡರ 'ಯಯಾತಿ' (೧೯೬೧), 'ತುಘಲಕ್' (೧೯೬೪) ಪುಸ್ತಕವಾಗಿ ಬಂದದ್ದು ಅಲ್ಲಿಂದಲೇ. ಆ ಗ್ರಂಥಮಾಲೆಯ ಕಚೇರಿಗೆ ಸಾಹಿತಿಗಳು ಇಟ್ಟ ಹೆಸರು 'ಅಟ್ಟ'. ಅಲ್ಲಿಯ ಅಟ್ಟದಿಂದ ನಾಟಕಗಳು ಅಚ್ಚಿನ ಮನೆಗೆ ಹೋದವು, ನಮ್ಮಲ್ಲಿಯ ಅಟ್ಟದಿಂದ ಬಚ್ಚಲಿಗೆ.

ಚಂದಾ ಎಂದರೆ ನಮ್ಮ ಷೇರು ಹಣದಂತೆಯೇ. ಒಬ್ಬನು ಸಾವಿರ ಕೊಡುವುದರ ಬದಲು ನೂರು ಜನ ಹತ್ತು ಹತ್ತು ಕೊಟ್ಟು, ನೂರು ಜನರೂ ತಮ್ಮದೆಂದು ತಿಳಿಯುವ ವ್ಯವಹಾರ. ಬೆಳೆಗಾರರು ಬರೆಯಲು, ಅಚ್ಚು ಮಾಡಲು ಆಗದೆಂಬ ಮಾತನ್ನು ಪುತ್ತೂರಿನ 'ಅಡಿಕೆ ಪತ್ರಿಕೆ' ೧೯೮೮ರಲ್ಲೇ ಸುಳ್ಳು ಮಾಡಿದೆ. ಕೃಷಿಕರ ಕೈಗೆ ಲೇಖನಿ ಕೊಟ್ಟ ಪತ್ರಿಕೆ ಅದು. ನಮ್ಮ ಸದಸ್ಯರಲ್ಲಿ ಕೆಲವರು ಅದರ ಹಳೆಯ ಸಂಪುಟಗಳನ್ನು ಕಟ್ಟು ಹಾಕಿಸಿ ಇಟ್ಟುಕೊಂಡಿದ್ದಾರೆ.

ಮಂಡಳಿ ಒಪ್ಪಿದೆ, ಒಂದು ಷರತ್ತಿನೊಂದಿಗೆ. ಸಂಘದ ಹಣ ಒಂದು ಪೈಸೆಯೂ ಹೋಗಬಾರದು. ಕಾಗದಪತ್ರ ಒಂದೆಡೆ ಇಡಲು ಕಚೇರಿಯ ಕಪಾಟಿನ ಒಂದು ಖಾನೆ, ಪ್ರಕಟಣೆಗೆ ಈ ಪತ್ರಿಕೆಯ ಸ್ಥಳ, ಇಷ್ಟನ್ನು ಬಳಸಬಹುದು. ಪುಸ್ತಕ ಬೇಕೆನ್ನುವವರು ೧೦೦ ರೂಪಾಯಿ ಮುಂಗಡ ಕೊಟ್ಟು ಕಚೇರಿಯಲ್ಲಿ ಹೆಸರು ಬರೆಸಬೇಕು. ಇದಕ್ಕೆ ಬೇರೆ ರಸೀತಿ ಪುಸ್ತಕ, ಬೇರೆ ಲೆಕ್ಕ. ನಾಟಕ ಪೂರ್ತಿ ದೊರೆಯದಿದ್ದರೆ ಹಣ ವಾಪಸು. ಮೇಷ್ಟ್ರ ಮಗಳಿಗೆ ಫೋನು ಮಾಡಿ ಒಪ್ಪಿಗೆ ಕೇಳಿದ್ದೇವೆ. ಅವರು ಕೊಂಚ ಹೊತ್ತು ಸುಮ್ಮನಿದ್ದು, 'ಅಪ್ಪಯ್ಯನ ಹೆಸರಿನ ಜೊತೆ ಆಡಿದವರೆಲ್ಲರ ಹೆಸರೂ ಹಾಕಿ' ಎಂದರು. ಹಾಗೆಯೇ ಮಾಡುತ್ತೇವೆ.

ಈಗ ಬೇಕಾಗಿರುವುದು ಪಾರ್ಟುಗಳು. ಮುಖ್ಯವಾಗಿ ಚೇಣಿದಾರನದು. ಆ ಪಾತ್ರ ಮಾಡಿದವರು ಈಗಿಲ್ಲ. ಅವರ ಮನೆ ಎರಡು ಪಾಲಾಗಿ, ಪೆಟ್ಟಿಗೆಗಳು ಯಾವ ಪಾಲಿಗೆ ಹೋದವೆಂಬುದು ಎರಡೂ ಕಡೆಯವರಿಗೆ ತಿಳಿಯದು. ದಯವಿಟ್ಟು ಇಬ್ಬರೂ ಒಮ್ಮೆ ನೋಡಬೇಕು. ಪಟೇಲರ ಪಾತ್ರ, ಪುರೋಹಿತರ ಪಾತ್ರ, ಮೊದಲ ಅಂಕದ ಇಬ್ಬರು ಆಳುಗಳ ಹಾಸ್ಯ, ಇವೂ ಬೇಕು. ಬಾಯಲ್ಲಿ ನೆನಪಿರುವವರು ಕಚೇರಿಗೆ ಬಂದರೆ ಗುಮಾಸ್ತರು ಬರೆದುಕೊಳ್ಳುತ್ತಾರೆ. ಸೋಮವಾರ ಮಂಡಿಯ ಗಲಾಟೆ ಇರುವುದರಿಂದ ಬೇರೆ ದಿನ ಮಧ್ಯಾಹ್ನದ ಮೇಲೆ ಬಂದರೆ ಅನುಕೂಲ. ಹಾಳೆಗಳು ಅಂಟಿಕೊಂಡಿದ್ದರೆ ಬಿಡಿಸಲು ಹೋಗದೆ ಹಾಗೆಯೇ ತನ್ನಿ. ಮಳೆ ಹಿಡಿಯುವ ಮೊದಲು ಬಂದರೆ ಒಳ್ಳೆಯದು, ಜೂನ್ ಕಳೆದರೆ ನಮ್ಮ ಕಪಾಟಿನಲ್ಲೂ ಬೂಷ್ಟು ಹಿಡಿಯುತ್ತದೆ.

ಯಜಮಾನಿಯ ಪಾತ್ರ ಮಾಡಿದ್ದ ಹಿರಿಯ ಸದಸ್ಯರು ತಮ್ಮ ಪಾರ್ಟನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಪುಸ್ತಕದ ಹಿಂದಿನಿಂದ ಆರು ಹಾಳೆಗಳಲ್ಲಿ ಆ ವರ್ಷದ ಅವರ ಮನೆಯ ಕೊನೆಕೊಯ್ಲಿನ ಲೆಕ್ಕವಿದೆ. ಅದನ್ನು ಹರಿದುಕೊಂಡು ಕೊಡುತ್ತೇನೆ ಎಂದರು. ಬೇಡವೆಂದು ಹಾಗೆಯೇ ಇಟ್ಟುಕೊಂಡಿದ್ದೇವೆ.